ನನ್ನ ಹೆಸರಿನ ಎಡೆ

ಮಧುಗಿರಿ,
28ನೆಯ ಅಕ್ಟೋಬರ್ 1929

ಚಿರಂಜೀವಿ ಸಮುವೇಲನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು.

ದೇವರ ದಯದಿಂದ ನಾನು ಕ್ಷೇಮ. ನಿನ್ನ ಮೂರು ಕಾಗದಗಳೂ ಬಂದವು. ಮೊದಲನೆಯದಕ್ಕೆ ನಾಳೆ ಬರೆದರಾಯಿತು ಅಂದುಕೊಂಡೆ, ಎರಡನೆಯದು ಬಂದಾಗ ನಾಚಿಕೆಯಾಯಿತು, ಮೂರನೆಯದು ಬಂದಾಗ ಹೆದರಿಕೆಯಾಯಿತು. ಅದರ ಕೊನೆಯಲ್ಲಿ ನೀನು, ‘ಅಮ್ಮಾ, ಬದುಕಿದ್ದೀಯೋ ಇಲ್ಲವೋ, ಒಂದು ಕಾರ್ಡಾದರೂ ಹಾಕು’ ಎಂದು ತಮಾಷೆಗೆ ಬರೆದಿದ್ದೆ. ನೀನು ತಮಾಷೆಗೆ ಕೇಳಿದ ಆ ಪ್ರಶ್ನೆಗೇ ಉತ್ತರ ಬರೆಯಬೇಕಾಗಿದೆ. ಕಾರ್ಡು ಸಾಲದು, ಅದಕ್ಕೇ ಈ ಲಕೋಟೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ಮೊದಲು ಸಂತೋಷದ ಮಾತು. ನಮ್ಮ ಸಭೆಗೆ ನಿನ್ನನ್ನೇ ಬೋಧಕನಾಗಿ ನೇಮಿಸಿದ್ದಾರೆಂದು ಮಿಷನ್ನಿನ ದೊರೆಸಾನಿಯವರು ನನ್ನನ್ನು ಕರೆಸಿ ಹೇಳಿದರು. ದೇವಾಲಯಕ್ಕೆ ಈಗಲೇ ಸುಣ್ಣ ಹೊಡೆಸುತ್ತಿದ್ದಾರೆ. ಎದುರು ಮನೆಯ ಗಂಗಹನುಮಯ್ಯ ಪೇಟೆಯಲ್ಲೆಲ್ಲ ‘ನಮ್ಮ ವೇದದಮ್ಮನ ಮಗ ಅಯ್ನೋರಾಗಿ ಬತ್ತಾವ್ನೆ ಕಣ್ರಪ್ಪಾ’ ಎಂದು ಡಂಗುರ ಹೊಡೆದುಕೊಂಡು ಬಂದ. ಅವನಿಗೂ ನಮ್ಮ ಸಭೆಗೂ ಏನು ಸಂಬಂಧವೋ ನಾನರಿಯೆ. ನಿನ್ನ ಅಪ್ಪ ಇದ್ದಿದ್ದರೆ ಕನ್ನಡಕ ಒರೆಸಿಕೊಳ್ಳುತ್ತಾ ಕೂತುಬಿಡುತ್ತಿದ್ದರು.

ಇನ್ನು ಸಂಕಟದ ಮಾತು. ಕ್ರಿಸ್ಮಸ್ ದಿನ ನೀನು ಮೊದಲ ಸಲ ನಮ್ಮವರಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತೀಯೆ. ಆಗ ಆ ಸಾಲಿನಲ್ಲಿ ನಾನೂ ಮೊಣಕಾಲೂರಿ ಕೈ ಚಾಚಬೇಕೋ, ಇಲ್ಲ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಬೇಕೋ, ನೀನೇ ತೀರ್ಮಾನ ಮಾಡಬೇಕು. ಯಾಕೆಂದರೆ ಈ ತಿಂಗಳ ಎರಡನೆಯ ತಾರೀಕು ಬುಧವಾರ, ಗೌಡಗೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲಿ, ಸತ್ತವರಿಗೆ ಇಟ್ಟ ಎಡೆಯನ್ನು ನಾನು ತಿಂದೆ. ತಿಳಿಯದೆ ತಿನ್ನಲಿಲ್ಲ. ತಿಳಿದು, ಕೂತು, ನಿಧಾನವಾಗಿ ತಿಂದೆ.

ನೀನು ಈಗ ಮುಖ ಗಂಟು ಹಾಕಿಕೊಂಡಿರುತ್ತೀಯೆ. ನಮ್ಮ ಸಭೆಯ ನಿಯಮ ನನಗೆ ಗೊತ್ತಿಲ್ಲವೇ? ನಾಲ್ಕು ವರ್ಷದ ಹಿಂದೆ ಮುನಿಯಮ್ಮ ತವರಿಗೆ ಹೋಗಿ ಹಿರಿಯರ ಹಬ್ಬದ ಎಡೆ ತಿಂದು ಬಂದಳೆಂದು ಆರು ತಿಂಗಳು ಭೋಜನದಿಂದ ಹೊರಗಿಟ್ಟರಲ್ಲ, ಆ ಸಂಗತಿಯನ್ನು ದೊರೆಸಾನಿಯವರ ಕಿವಿಗೆ ಹಾಕಿದವಳು ನಾನೇ. ಅವಳು ಗೋಡೆಗೆ ಒರಗಿಕೊಂಡು, ‘ಅವ್ವ ಇಕ್ಕಿದ್ಲು, ತಿಂದೆ ಕಣಕ್ಕಾ. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ’ ಎಂದು ಅತ್ತಳು. ನಾನು ಅವಳಿಗೆ ಅರ್ಧ ಗಂಟೆ ಬೋಧನೆ ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆನೆಂದರೆ, ಮನೆಗೆ ಬಂದ ಮೇಲೆ ನನಗೇ ನನ್ನ ಮೇಲೆ ಮೆಚ್ಚಿಕೆಯಾಯಿತು. ಈಗ ನೆನೆದರೆ ಆ ಗೋಡೆಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ನಾನು ಗೌಡಗೆರೆಯ ಒಕ್ಕಲಿಗರ ಮನೆಯ ಮಗಳು ಪುಟ್ಟಕ್ಕ, ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣ ಬೊಮ್ಮಪ್ಪನ ಮನೆ ಸೇರಿದವಳು, ಮಧುಗಿರಿಗೆ ಬಂದು ದೀಕ್ಷಾಸ್ನಾನ ಪಡೆದು ಕರುಣಮ್ಮನಾದವಳು, ಇಷ್ಟು ನಿನಗೆ ಗೊತ್ತು. ದೀಕ್ಷಾಸ್ನಾನದ ಸುದ್ದಿ ಮುಟ್ಟಿದ ಹನ್ನೊಂದನೆಯ ದಿನ ಅಣ್ಣ ತಲೆ ಬೋಳಿಸಿಕೊಂಡು ನನ್ನ ತಿಥಿ ಮಾಡಿ, ಊರಿಗೆಲ್ಲ ಊಟ ಹಾಕಿಸಿದ್ದೂ ಗೊತ್ತು. ಚಿಕ್ಕವನಾಗಿದ್ದಾಗ ನೀನು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ‘ನಿನ್ನ ತಿಥಿಗೆ ಏನಡುಗೆ ಮಾಡಿದ್ದರಮ್ಮಾ?’ ಎಂದು ಕೇಳುತ್ತಿದ್ದೆ. ನಾನೂ ನಗುತ್ತಿದ್ದೆ. ಆಮೇಲೆ ಅಣ್ಣನ ಮುಖ ನಾನು ನೋಡಲಿಲ್ಲ. ಸಿರಾ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ಸತ್ಯವೇದ ಓದಿ ಹೇಳಲು ಹೋಗಿದ್ದೇನೆ, ಗೌಡಗೆರೆಯ ದಾರಿಗೆ ಮಾತ್ರ ಕಾಲಿಡಲಿಲ್ಲ. ಸತ್ತವಳು ಯಾವ ಮುಖ ಹೊತ್ತುಕೊಂಡು ಹೋಗಬೇಕು?

ಸೆಪ್ಟೆಂಬರಿನಲ್ಲಿ ಅಣ್ಣನ ಮಗ ಮೂಡಲಗಿರಿಯಪ್ಪ ಕೋರ್ಟಿನ ಕೆಲಸಕ್ಕೆಂದು ಇಲ್ಲಿಗೆ ಬಂದವನು ನನ್ನ ಮನೆ ಹುಡುಕಿಕೊಂಡು ಬಂದ. ಮೂವತ್ತೈದರ ಗಂಡಸು, ನೋಡಲು ನಮ್ಮಪ್ಪನ ಹಾಗೇ ಇದ್ದಾನೆ. ಒಳಗೆ ಬರಲಿಲ್ಲ, ಜಗಲಿಯ ಮೇಲೂ ಕೂರಲಿಲ್ಲ. ನಿಂತೇ ಹೇಳಿದ: ‘ಅಪ್ಪಯ್ಯ ಹಾಸಿಗೆ ಹಿಡಿದೈತೆ ಅತ್ತೆ. ಗಂಟ್ಲಾಗೆ ಗಂಜಿ ಬುಟ್ರೆ ಬೇರೆ ಏನೂ ಇಳೀತಿಲ್ಲ. ನಾನು ಬಂದೋಗಿದ್ದು ಯಾರ್ಗೂ ಹೇಳ್ಬ್ಯಾಡ.’ ಮಜ್ಜಿಗೆ ತರಲು ನಾನು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಬೀದಿಯ ಕೊನೆ ತಲುಪಿದ್ದ.

ಎರಡು ವಾರ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೊಂದು ದಿನ ಬೆಳಿಗ್ಗೆ ಎದ್ದವಳೇ ಸೀರೆ ಬದಲಾಯಿಸಿ ಹೊರಟುಬಿಟ್ಟೆ. ಸಿರಾದವರೆಗೆ ಮೋಟಾರು, ಅಲ್ಲಿಂದ ಕಡಲೆಕಾಯಿ ಮೂಟೆಗೆ ಹೊರಟಿದ್ದ ಖಾಲಿ ಗಾಡಿ. ಗಾಡಿಯವನು ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ‘ಇಂಥಾ ದಿನ ಯಾಕ್ ಹೊಂಟೆ ತಾಯಿ?’ ಅಂದ. ನಾನು ಬಿಸಿಲಿಗೆ ಹೇಳುತ್ತಿದ್ದಾನೆ ಅಂದುಕೊಂಡೆ. ನಮ್ಮ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಭಾನುವಾರಗಳು ಕೆಂಪಾಗಿರುತ್ತವೆ, ಅಮಾವಾಸ್ಯೆ ಇರುವುದಿಲ್ಲ. ಅಂದು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ ಎಂಬುದು ನನ್ನ ತಲೆಗೇ ಬರಲಿಲ್ಲ.

ಹಿರಿಯರ ಹಬ್ಬ ಹೇಗಿರುತ್ತದೆಂದು ನೀನು ನೋಡಿದವನಲ್ಲ. ನಡುಮನೆಯಲ್ಲಿ ಕಳಶವಿಟ್ಟು, ಸತ್ತವರ ಹೆಸರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ, ಒಳಗೆ ಹಿರಿಯರು ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದು, ಕಾಗೆಗೆ ತುತ್ತು ಹಾಕಿ, ಮನೆಯವರು ಉಣ್ಣುತ್ತಾರೆ. ನಾನು ಮಟಮಟ ಮಧ್ಯಾಹ್ನ ಅಣ್ಣನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಬಾಗಿಲು ಮುಚ್ಚಿತ್ತು, ಮನೆಮಂದಿಯೆಲ್ಲ ಜಗಲಿಯ ಮೇಲೆ ಸದ್ದಿಲ್ಲದೆ ಕೂತಿದ್ದರು. ಅಣ್ಣನನ್ನೂ ಹೊರಗೆ ತಂದು ಕಂಬಳಿಯ ಮೇಲೆ ಮಲಗಿಸಿದ್ದರು. ಅತ್ತಿಗೆ ಕೆಂಚಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಮುಚ್ಚಿದ ಬಾಗಿಲ ಕಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ‘ಅಯ್ಯೋ ನಮ್ಮಪ್ಪಾ! ಕರೆದಿದ್ದಕ್ಕೆ ಬಂದೇಬುಟ್ಲಲ್ಲಾ!’ ಎಂದು ಕೂಗಿದಳು ನೋಡು, ಮೊಮ್ಮಕ್ಕಳು ದಿಕ್ಕಾಪಾಲಾಗಿ ಓಡಿದವು. ಒಂದು ಮಗುವಂತೂ ಹಿತ್ತಿಲ ಹುಲ್ಲಿನ ಬಣವೆ ಹತ್ತಿದ್ದು ಸಂಜೆಯವರೆಗೆ ಇಳಿಯಲಿಲ್ಲ.

ಮೂಡಲಗಿರಿಯಪ್ಪ ಎದ್ದು ಬಂದು ಅವಳನ್ನು ಸಮಾಧಾನ ಮಾಡಿದ. ಅಣ್ಣ ಮಾತ್ರ ಹೆದರಲಿಲ್ಲ. ತಲೆಯನ್ನೂ ಎತ್ತದೆ, ‘ಬಾಗ್ಲು ತೆಗೀರ್ಲಾ. ದೂರದಿಂದ ಬಂದವ್ಳೆ, ಹಸ್ದಿರ್ತಾಳೆ’ ಅಂದ. ಅಷ್ಟು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು ಅದು.

ಒಳಗೆ ಹೋದೆ. ಅಪ್ಪನ ಎಲೆಯಲ್ಲಿ ಬಾಡೂಟ, ಪಕ್ಕದಲ್ಲಿ ಒಂದು ಕುಡಿಕೆ ಹೆಂಡ, ಹೊಗೆಸೊಪ್ಪು. ಅವ್ವನ ಎಲೆಯಲ್ಲಿ ಕಜ್ಜಾಯ, ಪಕ್ಕದಲ್ಲಿ ಮಡಿಸಿಟ್ಟ ಹೊಸ ಸೀರೆ. ಅದರಾಚೆಗಿನ ಎಲೆಯನ್ನು ನೋಡಿ ನಿಂತಲ್ಲೇ ನಿಂತೆ. ಬೇಯಿಸಿದ ಹಸಿ ಕಡಲೆಕಾಯಿ, ಹುರುಳಿಕಾಳಿನ ಸಾರು, ಮತ್ತೆ ಗಡಿಗೆಯ ತಳ ಹಿಡಿದು ಸೀದುಹೋದ ಮುದ್ದೆಯ ಚಕ್ಕೆ. ಸಮುವೇಲ, ಆ ಸೀದ ಚಕ್ಕೆಯನ್ನು ಯಾವ ಮನೆಯಲ್ಲೂ ಯಾವ ಹಿರಿಯರಿಗೂ ಇಡುವುದಿಲ್ಲ, ನಾಯಿಗೆ ಹಾಕುತ್ತಾರೆ. ಹುಡುಗಿಯಾಗಿದ್ದಾಗ ಅದಕ್ಕಾಗಿ ನಾನು ಅಣ್ಣನೊಡನೆ ಜಗಳವಾಡುತ್ತಿದ್ದೆ. ‘ಪ್ರತಿ ವರ್ಸ ಬೇಕಂತ್ಲೇ ಸೀಯಿಸ್ತೀನಿ ಕಣಮ್ಮ’ ಎಂದಳು ಹಿಂದೆಯೇ ಬಂದ ಅತ್ತಿಗೆ. ‘ಚೆನ್ನಾಗಿರೋ ಮುದ್ದೆ ಇಕ್ಕಿದ್ರೆ ಪುಟ್ಟಿ ಎಲೆ ಮುಂದೆ ಮುಖ ಊದಿಸ್ಕೊಂಡ್ ಕುಂತ್ಕಂತಾಳೆ ಅಂತಾರೆ ನಿಮ್ಮಣ್ಣ.’

ಅಣ್ಣನನ್ನು ಒಳಗೆ ತಂದು ಗೋಡೆಗೆ ಒರಗಿಸಿ ಕೂರಿಸಿದರು. ಎಷ್ಟು ಇಳಿದುಹೋಗಿದ್ದ! ಮೂಟೆ ಹೊರುತ್ತಿದ್ದ ಆ ಭುಜದಲ್ಲಿ ಬರೀ ಮೂಳೆ. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದ: ‘ಅದೇನೋ ನಿತ್ಯಜೀವ ಅಂತ ಹೋದ್ಯಲ್ಲ ಪುಟ್ಟಿ. ಸಿಕ್ತಾ?’

ಅಣಕವಿರಲಿಲ್ಲ ಆ ಮಾತಿನಲ್ಲಿ. ದೂರದ ಸಂತೆಗೆ ಹೋಗಿ ಬಂದವರನ್ನು ಕೇಳುವ ಹಾಗೆ ಕೇಳಿದ. ನಾನು ಬಾಯಿಪಾಠವಾಗಿದ್ದದ್ದನ್ನು ಶುರು ಮಾಡಿದೆ. ಕ್ರಿಸ್ತನು ನಮಗೋಸ್ಕರ ಸತ್ತದ್ದು, ಮೂರನೆಯ ದಿನ ಎದ್ದದ್ದು, ನಂಬಿದವರಿಗೆ ಸಾವಿನ ಆಚೆಗೂ ಜೀವವಿರುವುದು, ಅಲ್ಲಿ ಅಳುವೂ ನೋವೂ ಇಲ್ಲದಿರುವುದು. ಮೂವತ್ತು ವರ್ಷ ಹೇಳಿದ ಮಾತು, ತಡವರಿಸದೆ ಬಂತು. ಅಣ್ಣ ಕಣ್ಣು ಮುಚ್ಚಿಕೊಂಡು ಪೂರಾ ಕೇಳಿದ. ಕೇಳಿ, ‘ಇದು ನಿನ್ಗೆ ಅವ್ರು ಹೇಳ್ಕೊಟ್ಟಿದ್ದು. ನಿನ್ಗೆ ಏನ್ ಸಿಕ್ತು, ಅದ್ನ ಹೇಳು’ ಅಂದ.

ಇಷ್ಟು ವರ್ಷ ಊರೂರು ತಿರುಗಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನ್ನ ಹಳೆಯ ಮಾತೇ, ಆ ಮನೆಯ ಮಾತೇ ನಾಲಿಗೆಗೆ ಬಂತು. ‘ಮೊದ್ಲು ನಾನು, ಸಾಯಾದೇ ಇಲ್ಲ ಅಂದ್ಕೊಂಡಿದ್ದೆ ಅಣ್ಣ. ಆಮ್ಯಾಕೆ ನಮ್ಮೋರೂ ಸತ್ರು, ನನ್ ಗಂಡನೂ ಹೋದ್ರು. ಸತ್ತ ಮ್ಯಾಕೆ ಒಂದೊಳ್ಳೆ ಊರೈತೆ, ಅಲ್ಲಿಗೋಗಾದು ಅಂದ್ಕೊಂಡೆ. ಈಗ ಅಂಗೂ ಅನ್ನಲ್ಲ. ನಮ್ಮ ಸ್ವಾಮಿ ನನ್ನ ಹೆಸ್ರಿಡ್ದು ಕರೀತಾನೆ, ನಾನು ಓ ಅಂತೀನಿ. ಅವ್ನು ನನ್ನ ಪೂರ್ತಿ ಬಲ್ಲ, ನಾನು ಅವ್ನನ್ನ ಒಸಿ ಬಲ್ಲೆ. ನಾನು ಸತ್ರೂ ಅವ್ನು ಕರಿಯಾದು ನಿಲ್ಸಲ್ಲ. ಇದೇ ನಂಗೆ ಸಿಕ್ಕಿದ್ದು. ಮುಂದಕ್ಕೆ ಅಲ್ಲ, ಈಗ್ಲೇ ಸಿಕ್ಕೈತೆ.’

ಬೋಧಕನಾದ ನಿನಗೆ ಇದು ಸರಿಯಾಗಿ ಕೇಳಿಸುತ್ತದೋ ಇಲ್ಲವೋ. ನಿತ್ಯಜೀವವೆಂದರೆ ಎಣಿಸಲಾರದಷ್ಟು ವರ್ಷ ಬದುಕುವುದಲ್ಲ, ದೇವರನ್ನೂ ಆತನು ಕಳುಹಿಸಿದವನನ್ನೂ ಅರಿಯುವುದೇ ಎಂದು ಕರ್ತನು ತಾನೇ ತನ್ನ ಪ್ರಾರ್ಥನೆಯಲ್ಲಿ ಹೇಳಿದ್ದಾನೆಂದು ನಿನ್ನ ಅಪ್ಪ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಆಗ ತಲೆಯಾಡಿಸಿದ್ದೆ. ಅರ್ಥವಾದದ್ದು ಗೌಡಗೆರೆಯ ನಡುಮನೆಯಲ್ಲಿ.

ಅಣ್ಣ ಯೋಚನೆ ಮಾಡಿದ. ‘ಅಷ್ಟೇನಾ?’ ಅಂದ. ‘ಅದ್ನ ನಾವೂ ಮಾಡಿದ್ವಲ್ಲಮ್ಮಿ. ವರ್ಸ ವರ್ಸ ಇದೇ ಜಾಗದಾಗೆ ನಿಂತ್ಕಂಡು ಪುಟ್ಟಕ್ಕಾ, ಬಾರಮ್ಮಿ ಅಂತ ಹೆಸ್ರಿಡ್ದು ಕರುದ್ವಿ. ನೀನೇ ಓ ಅನ್ಲಿಲ್ಲ.’

ಮಗನೇ, ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಅಣ್ಣ ತನ್ನ ಆಸೆ ಹೇಳಿದ. ‘ಇಷ್ಟು ವರ್ಸ ನಿನ್ನೆಡೇನ ಕಾಗೆ ತಿಂತು. ಈ ಸಲ ನೀನೇ ತಿನ್ನು, ನಾನ್ ನೋಡ್ಬೇಕು. ನೀನು ಉಂಡ್ರೆ ನಾನ್ ಮಾಡಿದ್ ತಿಥಿ ಸುಳ್ಳಾಯ್ತದೆ. ಪುಟ್ಟಿ ಸತ್ತಿಲ್ಲ, ಬದ್ಕವ್ಳೆ ಅಂತ ತಿಳ್ಕಂಡು ಹೋಗ್ತೀನಿ. ಬರೋ ವರ್ಸ್‌ದಿಂದ ನಿನ್ನೆಲೆ ನಿಲ್ಸ್ಬುಡ್ಲಿ.’

ಅತ್ತಿಗೆ ಮಧ್ಯೆ ಬಾಯಿ ಹಾಕಿದಳು: ‘ಸುಮ್ಕಿರ್ರಿ, ಅವ್ರ ಮತದಾಗೆ ಇಂಥದ್ದ ಮುಟ್ಟಂಗಿಲ್ಲಂತೆ.’ ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಕೇಳಿದೆ. ಮುನಿಯಮ್ಮನ ತವರು ಪಕ್ಕದ ಊರೇ. ಅವಳನ್ನು ಹೊರಗಿಟ್ಟ ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು. ಯಾರು ಹೊರಗೆ ಹಾಕಿಸಿದರು ಎಂಬುದು ಪುಣ್ಯಕ್ಕೆ ಮುಟ್ಟಿರಲಿಲ್ಲ.

ಆ ಕ್ಷಣ ನನ್ನ ಮನಸ್ಸಿಗೆ ಏನು ಬಂತೆಂದು ಮುಚ್ಚಿಡದೆ ಹೇಳುತ್ತೇನೆ. ಮೊದಲು ಬಂದದ್ದು ದೊರೆಸಾನಿಯವರ ಮುಖ. ಆಮೇಲೆ ನಿನ್ನದು. ಹೊಸದಾಗಿ ಅಭಿಷೇಕವಾದ ಮಗನಿಗೆ ಇದರಿಂದ ಎಷ್ಟು ಅವಮಾನ ಎಂಬ ಯೋಚನೆ ಬಂತು. ತಿನ್ನದಿದ್ದರೆ ನನ್ನ ಹೆಸರು ಸಭೆಯಲ್ಲಿ ಉಳಿಯುತ್ತದೆ. ಅಣ್ಣ ಮಾತ್ರ ತಂಗಿಯನ್ನು ತಾನೇ ಸಾಯಿಸಿದೆ ಅಂದುಕೊಂಡೇ ಹೋಗುತ್ತಾನೆ. ಸತ್ತ ಹಿರಿಯರಿಗೆ ಪೂಜೆ ಸಲ್ಲಿಸುವುದು ತಪ್ಪೆಂದು ಈಗಲೂ ನಂಬುತ್ತೇನೆ. ಕಳಶಕ್ಕೆ ಕೈ ಮುಗಿಯಲಿಲ್ಲ, ಮುಗಿಯುವುದೂ ಇಲ್ಲ. ಎಲೆಯ ಮುಂದೆ ಕೂತು, ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆಯನ್ನೇ ಗಟ್ಟಿಯಾಗಿ ಮಾಡಿದೆ. ಅಣ್ಣನ ಹೆಸರನ್ನೂ ಸೇರಿಸಿದೆ. ಆಮೇಲೆ ಸೀದ ಚಕ್ಕೆಯನ್ನು ಮುರಿದು ಬಾಯಿಗಿಟ್ಟೆ. ನನ್ನ ಹಲ್ಲು ಈಗ ಅದಕ್ಕೆ ಆಗಿಬರುವುದಿಲ್ಲ. ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುವುದನ್ನು ನೋಡಿ ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ‘ಮುದಿಯಾಗ್ಬುಟ್ಯಲ್ಲೇ’ ಅಂದ. ನಗು ಕೆಮ್ಮಾಗಿ, ಅತ್ತಿಗೆ ಬೆನ್ನು ನೀವಬೇಕಾಯಿತು.

ಅಲ್ಲಿಂದ ನಾನು ಹೊರಡಲಿಲ್ಲ. ಒಂಬತ್ತು ದಿನ ಅವನ ಪಕ್ಕದಲ್ಲೇ ಇದ್ದೆ. ಗಂಜಿ ಕುಡಿಸಿದೆ, ಕಾಲು ಒತ್ತಿದೆ, ಹಳೆಯ ಜಗಳಗಳನ್ನೆಲ್ಲ ಮತ್ತೊಂದು ಸಲ ಆಡಿದೆವು. ದೀಕ್ಷಾಸ್ನಾನದ ಮಾತು ಎತ್ತಿದೆ, ಸುಳ್ಳೇಕೆ. ‘ಈ ವಯ್ಸಿನಾಗೆ ಹೊಸ ಮನೆಗೆ ಒಕ್ಕಲು ಹೋಗಕ್ಕಾಯ್ತದಾ’ ಎಂದು ತೇಲಿಸಿಬಿಟ್ಟ. ಆದರೆ ಹೋಗುವ ದಿನ ಬೆಳಿಗ್ಗೆ, ಎಚ್ಚರ ಚೆನ್ನಾಗಿಯೇ ಇತ್ತು, ನನ್ನ ಕೈ ಹಿಡಿದು, ‘ನಿಮ್ಮ ಸ್ವಾಮಿಗೆ ಹೇಳ್ಬುಡು ಪುಟ್ಟಿ, ಬೊಮ್ಮಪ್ಪ ಅಂತ ಒಬ್ಬ ಬತ್ತಾವ್ನೆ, ಗುರ್ತು ಹಿಡ್ಕೊ ಅಂತ’ ಅಂದ. ಹೇಳಿದ್ದೇನೆ. ಇಂದಿಗೂ ದಿನಾ ಹೇಳುತ್ತಿದ್ದೇನೆ. ಹನ್ನೊಂದನೆಯ ತಾರೀಕು ಶುಕ್ರವಾರ, ಹೊತ್ತು ನೆತ್ತಿಗೇರುವ ಮುಂಚೆ ಅಣ್ಣ ಹೋದ. ಯಾವ ಕಷ್ಟವೂ ಪಡಲಿಲ್ಲ.

ಇಲ್ಲಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಮುನಿಯಮ್ಮನ ಮನೆಗೆ ಹೋದದ್ದು. ದೂರು ಹೇಳಿದವಳು ನಾನೇ ಅಂದೆ, ನಾನೂ ತಿಂದು ಬಂದೆ ಅಂದೆ, ಕ್ಷಮಿಸು ಅಂದೆ. ಅವಳು ಒಂದು ಗಳಿಗೆ ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ‘ನೀನೇ ಅಂತ ನಂಗೆ ಆವತ್ತೇ ಗೊತ್ತಿತ್ತು ಬುಡಕ್ಕಾ’ ಎಂದು, ‘ಏನೇನ್ ಇಕ್ಕಿದ್ರು ಎಡೆಗೆ?’ ಎಂದು ಕೇಳಿದಳು. 

ದೊರೆಸಾನಿಯವರಿಗೆ ನಾನಿನ್ನೂ ಹೇಳಿಲ್ಲ. ನಿನಗೇ ಮೊದಲು ಹೇಳಬೇಕೆಂದು ತಡೆದಿದ್ದೇನೆ. ನಿಯಮದಂತೆ ಆರು ತಿಂಗಳಾದರೆ ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ತಾಯಿಯೆಂದು ಒಂದು ದಿನವನ್ನೂ ಕಡಿಮೆ ಮಾಡಬೇಡ, ಮುನಿಯಮ್ಮನಿಗೆ ಮಾಡಿರಲಿಲ್ಲ. ನೀನು ಏನು ತೀರ್ಮಾನಿಸಿದರೂ ಕ್ರಿಸ್ಮಸ್ಸಿಗೆ ನಿನಗೆ ಕಜ್ಜಾಯ ಉಂಟು.

ಹಾಸನದ ಚಳಿಗೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳದೆ ಬೆಳಿಗ್ಗೆ ಹೊರಗೆ ಹೋಗಬೇಡ. ಗಟ್ಟಿಯಾಗಿ ಬೋಧನೆ ಮಾಡಿ ಗಂಟಲು ಕೆಡಿಸಿಕೊಳ್ಳಬೇಡ, ನಿಧಾನವಾಗಿ ಹೇಳಿದರೂ ಜನ ಕೇಳುತ್ತಾರೆ. ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ, ನಿನ್ನ ಹೋಗುವಿಕೆಯಲ್ಲೂ ಬರುವಿಕೆಯಲ್ಲೂ ಜೊತೆಗಿರಲಿ.

ನಿನ್ನ ಪ್ರೀತಿಯ ತಾಯಿ,
ಕರುಣಮ್ಮ

ಸಹಿ ಹಾಕಿದ ಮೇಲೆ ಬರೆದದ್ದು:

ಲಕೋಟೆಗೆ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ. ಅರ್ಧವನ್ನೇ ಹೇಳಿ ಕ್ಷಮೆ ಕೇಳುವುದು ಯಾವ ನ್ಯಾಯ? ನನ್ನ ಎಲೆಗೆ ಒತ್ತಿಕೊಂಡು ಇನ್ನೊಂದು ಪುಟ್ಟ ಎಲೆ ಇತ್ತು ಸಮುವೇಲ. ಅದರಲ್ಲಿ ಹಾಲು ಬೆಲ್ಲ ಹಾಕಿ ಕಲಸಿದ ಒಂದು ಚಿಕ್ಕ ಮುದ್ದೆ. ನಿನಗೆ ಒಬ್ಬಳು ಅಕ್ಕ ಇದ್ದಳು. ಕದರಮ್ಮ ಎಂದು ಹೆಸರು, ನನ್ನ ಮೊದಲ ಗಂಡನ ಮಗಳು. ನಾನು ಮಧುಗಿರಿಗೆ ಹೊರಟಾಗ ಅವಳಿಗೆ ಮೂರು ವರ್ಷ. ಎರಡು ತಿಂಗಳಲ್ಲಿ ಇರಲು ಒಂದು ಕೋಣೆ ಮಾಡಿಕೊಂಡು ಬಂದು ಕರೆದುಕೊಂಡು ಹೋಗುತ್ತೇನೆಂದು ಅತ್ತಿಗೆಯ ಮಡಿಲಲ್ಲಿ ಬಿಟ್ಟು ಬಂದೆ. ಅಷ್ಟರಲ್ಲಿ ನನ್ನ ತಿಥಿ ಮುಗಿದಿತ್ತು. ಕರೆತರಲು ಹೋದಾಗ ಅಣ್ಣ, ಸತ್ತವರಿಗೆ ಮಕ್ಕಳಿರುವುದಿಲ್ಲ ಎಂದು ಒಳಗಿನಿಂದಲೇ ಹೇಳಿ ಕಳಿಸಿದ. ಬಾಗಿಲು ತೆಗೆಯಲಿಲ್ಲ. ಒಳಗೆ ಅವಳು ಅಳುತ್ತಿದ್ದದ್ದು ಕೇಳಿಸಿತು. ನಾನು ಇನ್ನೊಂದು ಸಲ ಹೋಗಿ ಬಾಗಿಲು ಬಡಿಯಬೇಕಾಗಿತ್ತು. ಹೋಗಲಿಲ್ಲ. ಎರಡು ವರ್ಷದ ಮೇಲೆ ಪ್ಲೇಗು ಬಂದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅವಳು ಹೋದಳು. ನನಗೆ ತಿಳಿದದ್ದು ಮೂರು ತಿಂಗಳು ಕಳೆದ ಮೇಲೆ, ಬಳೆಗಾರನ ಬಾಯಿಂದ. ನಿನ್ನ ಅಪ್ಪನಿಗೆ ಇದು ಗೊತ್ತಿತ್ತು. ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಮಗುವಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಅವಳಿಗೆ ನಿತ್ಯಜೀವ ಉಂಟೋ ಎಂದು ಇಷ್ಟು ವರ್ಷದಲ್ಲಿ ಒಬ್ಬ ಬೋಧಕರನ್ನೂ ಕೇಳಲಿಲ್ಲ, ಇಲ್ಲ ಎಂದುಬಿಟ್ಟರೆ ಏನು ಮಾಡಲಿ ಎಂದು. ನಿನ್ನನ್ನೂ ಕೇಳುತ್ತಿಲ್ಲ. ಅಂದು ನನ್ನ ಎಲೆ ಮುಗಿಸಿ, ಅವಳು ಬಿಟ್ಟದ್ದನ್ನೂ ನಾನೇ ತಿಂದೆ. ಮಕ್ಕಳು ಬಿಟ್ಟದ್ದನ್ನು ತಾಯಂದಿರು ತಿನ್ನುವುದಿಲ್ಲವೇ?

ನಾನು ಹೊರಟು ನಿಂತಾಗ ಅತ್ತಿಗೆ ಒಂದು ಮಾತು ಹೇಳಿದಳು. ‘ತಿಥಿ ಮಾಡಿದ್ದೇನೋ ನಿಮ್ಮಣ್ಣ ಕ್ವಾಪಕ್ಕೆ. ಎಡೆ ಇಕ್ಕಿದ್ದು ಕ್ವಾಪಕ್ಕಲ್ಲ ಕಣಮ್ಮ. ಕೂಸು ಹೋದ್ ವರ್ಸ ಅದ್ಕೊಂದು ಎಲೆ ಹಾಕುದ್ವಿ. ನಿಮ್ಮಣ್ಣ ನಿಂತ್ಕಂಡು ನೋಡಿ, ಅವ್ವ ಇಲ್ದಂಗೆ ಇದು ಒಂದೇ ಕುಂತ್ಕಂಡು ಉಣ್ಣಲ್ಲ ಕಣೇ, ಪಕ್ಕದಾಗೆ ಪುಟ್ಟಿಗೂ ಒಂದೆಲೆ ಹಾಕು ಅಂದ್ರು. ಅವತ್ತಿಂದ ಹಾಕ್ತಿದೀವಿ.’ ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: ‘ಈಗ ನೀನೇ ಬಂದು ಉಂಡ್ಯಲ್ಲ. ನಿಮ್ಮಣ್ಣ ಹೇಳ್ದಂಗೆ ಬರೋ ವರ್ಸ ನಿನ್ನೆಲೆ ನಿಲ್ಸ್ಬುಡ್ಲಾ?’

‘ನಿಲ್ಸ್ಬ್ಯಾಡ ಅತ್ಗೆ, ಹಾಕು’ ಅಂದೆ.